“ಪೆಟ್ಟು ತಿಂದೇ ಬೆಳೆದದ್ದು, ಎಂತ ಆಗಿದೆ ಈಗ?”

ಮದುವೆ ಊಟದ ಪಂಕ್ತಿಯಲ್ಲಿರಲಿ, ಶಾಲೆಯ ಹೆತ್ತವರ ಸಭೆಯಲ್ಲಿರಲಿ, ಮಕ್ಕಳಿಗೆ ಹೊಡೆಯುವ ವಿಷಯ ಬಂತೆಂದರೆ ನಮ್ಮ ಕರಾವಳಿಯಲ್ಲಿ ಒಬ್ಬರಾದರೂ ಈ ಮಾತು ಹೇಳಿಯೇ ಹೇಳುತ್ತಾರೆ: “ನಾವೆಲ್ಲ ಪೆಟ್ಟು ತಿಂದೇ ಬೆಳೆದದ್ದು, ಎಂತ ಆಗಿದೆ ಈಗ?” ಆಮೇಲೆ ನಾಗರಬೆತ್ತದ ಕಥೆ, ಹುಣಸೆ ಅಡರಿನ ಕಥೆ, ಕಾಲಿನಲ್ಲಿ ಬಾಸುಂಡೆ ಎದ್ದ ಕಥೆ. ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಆ ಪ್ರಶ್ನೆಯನ್ನು ಮಾತು ಮುಗಿಸಲಿಕ್ಕೆ ಬಳಸುತ್ತೇವೆ. ಆದರೆ ಅದಕ್ಕೆ ಉತ್ತರವೂ ಇದೆ. ಎಂತ ಆಗಿದೆ ಎನ್ನುವುದನ್ನು ವೈದ್ಯರು, ಮನಶ್ಶಾಸ್ತ್ರಜ್ಞರು ಕಳೆದ ನಲವತ್ತು ವರ್ಷಗಳಿಂದ ಲೆಕ್ಕ ಹಾಕುತ್ತಿದ್ದಾರೆ. ಉತ್ತರ ಸಿಗುವ ಜಾಗ ಮಾತ್ರ ಬೇರೆ. ನಲವತ್ತೈದು ದಾಟಿದ ಮೇಲೆ ಬಿಪಿ ಮಾತ್ರೆಗೆ ನಿಂತ ಸಾಲಿನಲ್ಲಿ, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ಬಾರದ ನಿದ್ದೆಯಲ್ಲಿ, ಎಂಡೋಸ್ಕೋಪಿ ಮಾಡಿಸಿದರೂ ಏನೂ ಕಾಣದ ಹೊಟ್ಟೆನೋವಿನಲ್ಲಿ ಅದು ಸಿಗುತ್ತದೆ.

ಉಳ್ಳಾಲವೋ ಮಲ್ಪೆಯೋ, ಒಂದು ಮನೆ ಎಂದಿಟ್ಟುಕೊಳ್ಳಿ. ಸಂಜೆ ಏಳೂವರೆ. ಎಂಟು ವರ್ಷದ ಹುಡುಗಿ ಜಗಲಿಯಲ್ಲಿ ಮಗ್ಗಿ ಬರೆಯುತ್ತಿದ್ದಾಳೆ. ಅಪ್ಪನ ಬೈಕು ದೂರದ ತಿರುವಿನಲ್ಲಿ ಗೇರು ಬದಲಿಸುವ ಸದ್ದಿನಲ್ಲೇ ಅವಳಿಗೆ ಅರ್ಧ ಗೊತ್ತಾಗುತ್ತದೆ. ಸ್ಟ್ಯಾಂಡು ಹಾಕುವ ಸದ್ದಿನಲ್ಲಿ ಇನ್ನರ್ಧ. ಚಪ್ಪಲಿ ಎರಡೂ ಒಟ್ಟಿಗೆ ಬಿಟ್ಟರೆ ಇವತ್ತು ಪರವಾಗಿಲ್ಲ, ಒಂದು ಅಲ್ಲಿ ಒಂದು ಇಲ್ಲಿ ಬಿದ್ದರೆ ಕುಡಿದು ಬಂದಿದ್ದಾರೆ. ಅಷ್ಟರೊಳಗೆ ಅವಳು ಟಿವಿ ಸಣ್ಣ ಮಾಡಿ, ತಮ್ಮನ ಹರಿದ ಪುಸ್ತಕವನ್ನು ಚಾಪೆಯಡಿ ತಳ್ಳಿ, ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಮುಖವನ್ನೊಮ್ಮೆ ನೋಡಿ ಬಂದಾಗಿದೆ. ಇವನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಆ ಒಂದೆರಡು ನಿಮಿಷದಲ್ಲಿ ಅವಳ ದೇಹದೊಳಗೆ ಆಗುವುದು ಇದು. ಮೆದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲ ಎಚ್ಚರವಾಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯ ಕೆಲಸ ನಿಂತು ರಕ್ತವೆಲ್ಲ ಕೈಕಾಲಿನ ಸ್ನಾಯುಗಳಿಗೆ ಓಡುತ್ತದೆ. ಅದರ ಬೆನ್ನಿಗೇ ಮೆದುಳಿನದೇ ಇನ್ನೊಂದು ಭಾಗ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳಿ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಟೊಪ್ಪಿಯಂತೆ ಕೂತ ಅಡ್ರಿನಲ್ ಗ್ರಂಥಿಗೆ ಹೇಳಿ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೊರಬರುತ್ತದೆ. ಅದು ರಕ್ತದಲ್ಲಿ ತುದಿ ಮುಟ್ಟುವುದಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಯಕೃತ್ತು ಸಕ್ಕರೆ ಬಿಡುತ್ತದೆ, ಓಡಲಿಕ್ಕೋ ಹೊಡೆದಾಡಲಿಕ್ಕೋ ಬೇಕಾದ ಶಕ್ತಿ ಅದು. ಆದರೆ ಎಂಟು ವರ್ಷದ ಮಗು ಓಡುವುದು ಎಲ್ಲಿಗೆ? ಅದು ಸುಮ್ಮನೆ ಕೂತು ಮಗ್ಗಿ ಬರೆಯುತ್ತದೆ. ಒಲೆಯ ಬೆಂಕಿ ಉರಿಯುತ್ತಲೇ ಇರುತ್ತದೆ, ಮೇಲೆ ಪಾತ್ರೆ ಇಲ್ಲ.

ಒಂದು ಸಲ ಹೀಗಾದರೆ ತೊಂದರೆ ಇಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಪರೀಕ್ಷೆಯ ದಿನವೂ ಇದೇ ಆಗುತ್ತದೆ, ಆಮೇಲೆ ತಣಿಯುತ್ತದೆ. ದೇಹ ಮಾಡಿರುವುದೇ ಹಾಗೆ. ತೊಂದರೆ ಬರುವುದು ವರ್ಷಕ್ಕೆ ಇನ್ನೂರು ಸಂಜೆ ಹೀಗಾದಾಗ, ಮತ್ತು ತಣಿಸುವ ದೊಡ್ಡವರು ಯಾರೂ ಹತ್ತಿರ ಇಲ್ಲದಾಗ. ತುಳುವಿನಲ್ಲಿ ಚಿಂತೆ, ಒತ್ತಡಕ್ಕೆ ಮಂಡೆಬೆಚ್ಚ ಎನ್ನುತ್ತಾರೆ. ಅದೇ ನಮ್ಮ ಕನ್ನಡದ ತಲೆಬಿಸಿ. ಎರಡೂ ಎಷ್ಟು ಸರಿಯಾದ ಪದಗಳು ಎಂದು ಶರೀರಶಾಸ್ತ್ರ ಓದಿದಾಗ ಅನಿಸುತ್ತದೆ. ಬಿಸಿಯಾಗುವುದು ರೋಗವಲ್ಲ, ಆರದೇ ಇರುವುದು ರೋಗ. ಹೀಗೆ ಆರದ ಬಿಸಿ ವರ್ಷಗಟ್ಟಲೆ ದೇಹವನ್ನು ಸವೆಸುವುದಕ್ಕೆ ನರವಿಜ್ಞಾನಿ ಬ್ರೂಸ್ ಮೆಕ್‌ಯುವೆನ್ ಅಲೋಸ್ಟ್ಯಾಟಿಕ್ ಲೋಡ್ ಎಂಬ ಹೆಸರನ್ನು ಬಳಕೆಗೆ ತಂದರು. ಲೋಡು ಎಂದರೆ ನಮಗೆ ಗೊತ್ತೇ ಇದೆ. ಘಾಟಿಯಲ್ಲಿ ದಿನವೂ ಓವರ್‌ಲೋಡ್ ಹೋಗುವ ಲಾರಿಯ ಬ್ರೇಕು ಮೊದಲ ದಿನ ಹೋಗುವುದಿಲ್ಲ.

ಈ ಹುಡುಗಿಗೆ ಈಗ ಮೂವತ್ತೆಂಟು. ಬ್ಯಾಂಕಿನಲ್ಲಿ ಕೆಲಸ. ಮ್ಯಾನೇಜರು “ಸ್ವಲ್ಪ ಒಳಗೆ ಬನ್ನಿ” ಎಂದರೆ ಸಾಕು, ಅದೇ ಎದೆಬಡಿತ, ಅದೇ ಬೆವರಿದ ಅಂಗೈ. ಗಂಡ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟರೆ ರಾತ್ರಿ ನಿದ್ದೆ ಇಲ್ಲ. ಮನೆಯವರು “ನಿನ್ನದು ಸಣ್ಣದಕ್ಕೆಲ್ಲ ತಲೆಬಿಸಿ” ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಅವಳ ಸ್ವಭಾವದಲ್ಲಿ ಏನೂ ಕೊರತೆಯಿಲ್ಲ. ಎಂಟನೇ ವರ್ಷದಲ್ಲಿ ಆ ಮನೆಯನ್ನು ದಾಟಿಸಿದ ಜಾಣತನ ಇದೇ. ಮನೆ ಬದಲಾಗಿ ಇಪ್ಪತ್ತು ವರ್ಷವಾಯಿತು ಎನ್ನುವ ಸುದ್ದಿ ದೇಹಕ್ಕೆ ಇನ್ನೂ ಮುಟ್ಟಿಲ್ಲ, ಅಷ್ಟೆ.

ಈ ಲೆಕ್ಕ ಶುರುವಾದದ್ದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಅದೂ ಬೊಜ್ಜಿನ ಕ್ಲಿನಿಕ್ಕಿನಲ್ಲಿ. 1980ರ ದಶಕದ ನಡುವಿನಲ್ಲಿ ಕೈಸರ್ ಪರ್ಮನೆಂಟೆ ಆಸ್ಪತ್ರೆ ಸಮೂಹದ ವೈದ್ಯ ವಿನ್ಸೆಂಟ್ ಫೆಲಿಟ್ಟಿ ಒಂದು ವಿಚಿತ್ರ ಗಮನಿಸಿದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಯಾಕೆಂದು ಕೂತು ಕೇಳಿದಾಗ ಅವರಲ್ಲಿ ಬಹಳ ಜನ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಎಂದು ಗೊತ್ತಾಯಿತು. ವೈದ್ಯರು ತೊಂದರೆ ಎಂದುಕೊಂಡಿದ್ದ ತೂಕ ಅವರಿಗೆ ರಕ್ಷಣೆಯಾಗಿತ್ತು. ಆಮೇಲೆ ಫೆಲಿಟ್ಟಿ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ರಾಬರ್ಟ್ ಆಂಡಾ ಸೇರಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿ, ಅವರ ಆರೋಗ್ಯದ ದಾಖಲೆಯ ಪಕ್ಕ ಇಟ್ಟು ನೋಡಿದರು. ಮೊದಲ 9,508 ಜನರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಅವರು ಎಣಿಸಿದ್ದು ಕೊನೆಗೆ ಹತ್ತು ಸಂಗತಿಗಳಾದವು. ಐದು ನೇರವಾಗಿ ಮಗುವಿನ ಮೇಲೆ ಆಗುವಂಥವು: ಹೊಡೆತ, ಮನಸ್ಸು ಮುರಿಯುವ ಮಾತು, ಲೈಂಗಿಕ ದೌರ್ಜನ್ಯ, ಊಟ ಬಟ್ಟೆ ಔಷಧಿಯ ನಿರ್ಲಕ್ಷ್ಯ, ಪ್ರೀತಿಯ ನಿರ್ಲಕ್ಷ್ಯ. ಇನ್ನೈದು ಮನೆಯ ಸ್ಥಿತಿ: ತಾಯಿಗೆ ಪೆಟ್ಟು ಬೀಳುವುದು, ಮನೆಯಲ್ಲಿ ಕುಡಿತ ಅಥವಾ ಮಾದಕ ವಸ್ತು, ಮನೆಯವರ ಮಾನಸಿಕ ಕಾಯಿಲೆ ಅಥವಾ ಆತ್ಮಹತ್ಯೆ ಪ್ರಯತ್ನ, ತಂದೆ ತಾಯಿ ಬೇರೆಯಾಗುವುದು, ಮನೆಯವರು ಜೈಲಿಗೆ ಹೋಗುವುದು. ಒಂದಕ್ಕೆ ಒಂದು ಅಂಕ. ಮೂರರಲ್ಲಿ ಎರಡು ಪಾಲು ಜನರಿಗೆ ಒಂದಾದರೂ ಅಂಕ ಬಂತು, ಎಂಟರಲ್ಲಿ ಒಬ್ಬರಿಗೆ ನಾಲ್ಕು ಅಥವಾ ಹೆಚ್ಚು. ಕೇಳಿದ್ದು ವಿಮೆ ಇದ್ದ ಮಧ್ಯಮ ವರ್ಗದವರನ್ನು ಎನ್ನುವುದು ನೆನಪಿರಲಿ.

ನಾಲ್ಕು ಅಥವಾ ಹೆಚ್ಚು ಅಂಕ ಬಂದವರನ್ನು ಸೊನ್ನೆ ಬಂದವರ ಜೊತೆ ಹೋಲಿಸಿದರೆ ಕುಡಿತದ ಚಟದ ಸಂಭವ ಏಳು ಪಟ್ಟು, ಆತ್ಮಹತ್ಯೆ ಪ್ರಯತ್ನದ್ದು ಹನ್ನೆರಡು ಪಟ್ಟು. ಇವು ಮನಸ್ಸಿನ ವಿಷಯ, ಊಹಿಸಬಹುದಾದ್ದೇ. ನಿಂತು ಯೋಚಿಸಬೇಕಾದದ್ದು ಉಳಿದ ಸಾಲುಗಳು: ಹೃದ್ರೋಗ ಎರಡು ಪಟ್ಟಿಗಿಂತ ಹೆಚ್ಚು, ಪಾರ್ಶ್ವವಾಯುವೂ ಹಾಗೆಯೇ, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಸುಮಾರು ನಾಲ್ಕು ಪಟ್ಟು, ಸಕ್ಕರೆ ಕಾಯಿಲೆ ಒಂದೂವರೆ ಪಟ್ಟು. 2017ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 37 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗಲೂ ದಿಕ್ಕು ಇದೇ ಇತ್ತು. ಕುಡಿತ, ಬೀಡಿ ಸಿಗರೇಟುಗಳ ಪಾಲು ಇದರಲ್ಲಿ ದೊಡ್ಡದು. ಆದರೆ ಎಲ್ಲವೂ ಅವುಗಳದ್ದೇ ಅಲ್ಲ. ಸದಾ ಏರಿದ ಕಾರ್ಟಿಸಾಲ್ ಹೊಟ್ಟೆಯ ಸುತ್ತ ಕೊಬ್ಬು ಕೂಡಿಸುತ್ತದೆ, ಇನ್ಸುಲಿನ್ ಮಾತು ದೇಹ ಕೇಳದ ಹಾಗೆ ಮಾಡುತ್ತದೆ. ಉರಿಯೂತವನ್ನು ಹದ್ದಿನಲ್ಲಿಡುವುದೂ ಕಾರ್ಟಿಸಾಲಿನ ಕೆಲಸವೇ. ಆದರೆ ದಿನವೂ ಬೊಬ್ಬೆ ಹಾಕುವ ಮೇಷ್ಟ್ರ ಮಾತು ತರಗತಿ ಕೇಳುವುದನ್ನು ನಿಲ್ಲಿಸುವ ಹಾಗೆ, ರೋಗನಿರೋಧಕ ಕಣಗಳು ಅದರ ಮಾತು ಕೇಳುವುದನ್ನು ಬಿಡುತ್ತವೆ. ಆಗ ರಕ್ತನಾಳಗಳೊಳಗೆ ಸಣ್ಣ ಉರಿ ನಿರಂತರ ಉಳಿಯುತ್ತದೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಮಕ್ಕಳನ್ನು ಇವತ್ತಿನವರೆಗೂ ಹಿಂಬಾಲಿಸುತ್ತಿರುವ ಅಧ್ಯಯನ ಇದನ್ನು ರಕ್ತದಲ್ಲೇ ತೋರಿಸಿತು. ಬಾಲ್ಯದಲ್ಲಿ ಹಿಂಸೆ ಕಂಡವರಲ್ಲಿ 32ನೇ ವಯಸ್ಸಿನಲ್ಲಿ ಸಿಆರ್‌ಪಿ ಎಂಬ ಉರಿಯೂತದ ಗುರುತು ಹೆಚ್ಚಿತ್ತು. ಎಲ್ಲವೂ ನೆನಪಿನಿಂದ ಹೇಳಿಸಿದ್ದಲ್ಲ, ಕೆಲವನ್ನು ಮಕ್ಕಳಾಗಿದ್ದಾಗಲೇ ದಾಖಲಿಸಿಕೊಂಡದ್ದು ಎನ್ನುವುದರಿಂದ ಈ ಫಲಿತಾಂಶಕ್ಕೆ ತೂಕ ಜಾಸ್ತಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಹತ್ತು ಪ್ರಶ್ನೆಗಳು ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತವೆ. ರಾತ್ರಿ ಒಬ್ಬರೇ ಕೂತು ತುಂಬಿ, ಆರು ಅಂಕ ಬಂದು, ‘ನನ್ನ ಆಯುಸ್ಸು ಇಷ್ಟೇ’ ಎಂದು ಹೆದರಿಕೊಳ್ಳುವವರಿದ್ದಾರೆ. ಹಾಗೆ ಓದಬಾರದು. ಅಂಕ ಸಾವಿರಾರು ಜನರ ಗುಂಪಿನ ಬಗ್ಗೆ ಮಾತಾಡುತ್ತದೆ, ಒಬ್ಬ ವ್ಯಕ್ತಿಯ ಜಾತಕ ಹೇಳುವುದಿಲ್ಲ. ಈ ಅಳತೆಯನ್ನು ಕಟ್ಟಿದ ಆಂಡಾ ಅವರೇ 2020ರಲ್ಲಿ ಇದನ್ನು ವ್ಯಕ್ತಿಗಳ ತಪಾಸಣೆಗೆ ಬಳಸುವುದು ತಪ್ಪು ಎಂದು ಬರೆದರು. ಕಾರಣ ಸರಳ. ಒಂದು ಸಲ ಆದದ್ದಕ್ಕೂ ಹತ್ತು ವರ್ಷ ಆದದ್ದಕ್ಕೂ ಒಂದೇ ಅಂಕ. ಮೂರನೇ ವರ್ಷದಲ್ಲಾಯಿತೋ ಹದಿನಾರರಲ್ಲೋ ಎಂದು ಕೇಳುವುದಿಲ್ಲ. ಪೆಟ್ಟು ತಿಂದ ರಾತ್ರಿ ತಲೆ ಸವರಿದ ಅಜ್ಜಿ ಇದ್ದರೋ ಇಲ್ಲವೋ ಎಂದಂತೂ ಕೇಳುವುದೇ ಇಲ್ಲ.

ನಮ್ಮ ಊರಿನ ಬಾಲ್ಯದ ಎಷ್ಟೋ ಸಂಗತಿ ಆ ಹತ್ತರಲ್ಲಿ ಕಾಣುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬೇರೆ ಬೇರೆ ದೇಶಗಳಿಗೆಂದು ಮಾಡಿದ ಪ್ರಶ್ನಾವಳಿಯಲ್ಲಿ 13 ಬಗೆಗಳಿವೆ. ಸಹಪಾಠಿಗಳ ಕಿರುಕುಳ, ಊರಿನ ಹಿಂಸೆ, ಗಲಭೆ ಯುದ್ಧಗಳು ಅದರಲ್ಲಿ ಸೇರಿವೆ. ಕರ್ಫ್ಯೂ ಕಂಡ ಮಂಗಳೂರಿನ ಮಕ್ಕಳಿಗೆ ಅದು ಬೇಕಾದ ಪ್ರಶ್ನೆ. ಇನ್ನು ಬೊಂಬಾಯಿ. ಹನ್ನೆರಡು ಹದಿಮೂರರ ಹುಡುಗರು ಉಡುಪಿ ಹೋಟೆಲುಗಳಲ್ಲಿ ಗ್ಲಾಸು ತೊಳೆಯಲು ಹೋಗಿ, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದದ್ದನ್ನು ನಾವು ಸಾಹಸದ ಕಥೆಯಾಗಿ ಹೇಳುತ್ತೇವೆ. ಸಾಹಸ ಹೌದು. ಆದರೆ ಹೋಟೆಲಿನ ನೆಲದಲ್ಲಿ ಗೋಣಿ ಹಾಸಿ ಮಲಗಿದ ಆ ಹುಡುಗ ತಾಯಿಯ ನೆನಪಿನಲ್ಲಿ ಅತ್ತದ್ದನ್ನು ಯಾರೂ ಕೇಳಲಿಲ್ಲ. ಈಗ ಎಪ್ಪತ್ತರ ಹತ್ತಿರ ಇರುವ ಅವರಲ್ಲಿ ಕೆಲವರಿಗೆ ಮಕ್ಕಳನ್ನು ಅಪ್ಪಿಕೊಳ್ಳಲು ಯಾಕೆ ಕೈ ಬರುವುದಿಲ್ಲ ಎನ್ನುವುದಕ್ಕೆ ಉತ್ತರ ಅಲ್ಲಿರಬಹುದು. ಈಗಿನ ಮಕ್ಕಳದ್ದು ಬೇರೆ. ಹಾಸ್ಟೆಲು, ಪಿಯುಸಿ, ಪಕ್ಕದ ಮನೆಯವಳ 98 ಪರ್ಸೆಂಟು. ಫಲಿತಾಂಶದಲ್ಲಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಮುಂದಿವೆ ಎಂದು ಹೆಮ್ಮೆಪಡುವಾಗ ಆ ಅಂಕಗಳ ಹಿಂದಿನ ರಾತ್ರಿಗಳನ್ನೂ ನೋಡಬೇಕು. ಅಂಕ ಕಡಿಮೆಯಾದದ್ದಕ್ಕೆ ಮೂರು ದಿನ ಮಗುವಿನೊಡನೆ ಮಾತು ಬಿಡುವುದು ಕೂಡ ಹಿಂಸೆಯೇ. ಅದರ ಬಾಸುಂಡೆ ಹೊರಗೆ ಕಾಣುವುದಿಲ್ಲ.

ಪ್ರೀತಿಯ ಕೊರತೆ ಜೀವಕೋಶದ ಒಳಗೆ ಹೇಗೆ ಹೋಗುತ್ತದೆ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ ಮತ್ತು ಸಂಗಡಿಗರ ಇಲಿ ಪ್ರಯೋಗ ಇದನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಕೆಲವು ತಾಯಿ ಇಲಿಗಳು ಮರಿಗಳನ್ನು ತುಂಬ ನೆಕ್ಕುತ್ತವೆ, ಕೆಲವು ಕಡಿಮೆ. ಹುಟ್ಟಿದ ಮೊದಲ ವಾರದಲ್ಲಿ ಚೆನ್ನಾಗಿ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಒತ್ತಡದಿಂದ ಬೇಗ ತಣಿಯುತ್ತವೆ. ಕಾರ್ಟಿಸಾಲಿನಂಥ ಹಾರ್ಮೋನು ಸಾಕಷ್ಟಾಯಿತು ಎಂದು ಗುರುತಿಸಿ ಅದನ್ನು ನಿಲ್ಲಿಸಲು ಹೇಳುವ ಗ್ರಾಹಿಗಳು ಅವುಗಳ ಮೆದುಳಿನ ಹಿಪ್ಪೊಕ್ಯಾಂಪಸ್‌ನಲ್ಲಿ ಹೆಚ್ಚು. ನೆಕ್ಕಿಸಿಕೊಳ್ಳದ ಮರಿಗಳಲ್ಲಿ ಆ ಗ್ರಾಹಿಯ ಜೀನಿನ ಮೇಲೆ ಮೀಥೈಲ್ ಗುಂಪುಗಳೆಂಬ ಸಣ್ಣ ರಾಸಾಯನಿಕ ಮುಚ್ಚಳ ಕೂತಿರುತ್ತದೆ, ಜೀನು ಇದ್ದೂ ಓದಲಾಗುವುದಿಲ್ಲ. ಇದು ರಕ್ತದಿಂದ ಬಂದದ್ದೋ ಎಂದು ನೋಡಲು ಮರಿಗಳನ್ನು ಅದಲು ಬದಲು ಮಾಡಿದರು. ಹೆತ್ತವಳಂತೆ ಆಗಲಿಲ್ಲ, ಸಾಕಿದವಳಂತೆ ಆದವು. 2004ರಲ್ಲಿ ಇದು ಪ್ರಕಟವಾಯಿತು. ಇಲಿಯಿಂದ ಮನುಷ್ಯನಿಗೆ ನೇರ ಜಿಗಿಯಬಾರದು ನಿಜ, ಆದರೂ ಎಣ್ಣೆ ಹಚ್ಚಿ ಮಗುವನ್ನು ಕಾಲ ಮೇಲೆ ಮಲಗಿಸಿ ಬಿಸಿನೀರು ಹೊಯ್ಯುವ ನಮ್ಮ ಅಜ್ಜಿಯಂದಿರ ಕೈ ಏನು ಮಾಡುತ್ತಿತ್ತು ಎಂದು ಯೋಚಿಸುವಂತಾಗುತ್ತದೆ.

ಈಗ ಕ್ಲಿನಿಕ್ಕಿಗೆ ಬರೋಣ. ನನಗೆ ಬಹಳ ಮುಖ್ಯವೆನಿಸುವ, ಆದರೆ ಯಾರೂ ಮಾತಾಡದ ಒಂದು ತಪ್ಪು ಅಲ್ಲಿ ಆಗುತ್ತದೆ. ಬಿಪಿ ಮಾತ್ರೆ ಸರಿಯಾಗಿ ತೆಗೆದುಕೊಳ್ಳದ ರೋಗಿಗೆ ಡಾಕ್ಟ್ರು ಜೋರು ಮಾಡುತ್ತಾರೆ. “ನಿಮಗೆ ಎಷ್ಟು ಸಲ ಹೇಳುವುದು? ಸ್ಟ್ರೋಕ್ ಆದರೆ ನನ್ನನ್ನು ಕೇಳಬೇಡಿ.” ಒಳ್ಳೆಯದಕ್ಕೇ ಹೇಳುವುದು. ರೋಗಿ ತಲೆ ಬಗ್ಗಿಸಿ “ಆಯ್ತು ಡಾಕ್ಟ್ರೇ” ಎನ್ನುತ್ತಾನೆ. ಮತ್ತೆ ಬರುವುದೇ ಇಲ್ಲ. ಬಾಲ್ಯದಲ್ಲಿ ಜೋರಿನ ಎದುರು ಅವನು ಕಲಿತ ಉಪಾಯ ಎರಡೇ: ಆಯ್ತು ಎನ್ನುವುದು, ಆಮೇಲೆ ಕಣ್ಣಿಗೆ ಬೀಳದಿರುವುದು. ಅವನಿಗೆ ಬೇಜವಾಬ್ದಾರಿ ಎಂದು ಹೆಸರಿಡುವ ಮೊದಲು ಒಮ್ಮೆ ದನಿ ತಗ್ಗಿಸಿ “ಮಾತ್ರೆ ತಪ್ಪುವುದು ಯಾವಾಗ? ಬೆಳಿಗ್ಗೆಯೋ ರಾತ್ರಿಯೋ?” ಎಂದು ಕೇಳಿ ನೋಡಬೇಕು. ಹೆಚ್ಚಿಗೆ ಬೇಕಾಗುವುದು ಅರ್ಧ ನಿಮಿಷ.

ರೋಗಿಯೂ ಮಾಡಬಹುದಾದದ್ದಿದೆ. ಪೂರ್ತಿ ಕಥೆ ಹೇಳಬೇಕೆಂದಿಲ್ಲ. ಇಷ್ಟು ಸಾಕು: “ಡಾಕ್ಟ್ರೇ, ನಾನು ಸಣ್ಣವನಿರುವಾಗ ಮನೆಯಲ್ಲಿ ತುಂಬ ಹೊಡೆತ, ಕುಡಿತ ಇತ್ತು. ಈಗಲೂ ನಿದ್ದೆ ಸರಿ ಇಲ್ಲ, ಬೇಗ ಹೆದರಿಕೆಯಾಗುತ್ತದೆ. ವಿವರ ಈಗ ಬೇಡ, ನಿಮಗೆ ಗೊತ್ತಿರಲಿ ಎಂದು ಹೇಳಿದೆ.” ಇದನ್ನು ಚೀಟಿಯಲ್ಲಿ ಬರೆದು ಕೊಟ್ಟರೂ ಆಗುತ್ತದೆ. ದಂತವೈದ್ಯರ ಕುರ್ಚಿ, ಸ್ತ್ರೀರೋಗದ ಪರೀಕ್ಷೆಯ ಮೇಜು, ಎಂಆರ್‌ಐ ಸುರಂಗ, ಈ ಮೂರು ಜಾಗದಲ್ಲಿ ದೌರ್ಜನ್ಯ ಕಂಡ ದೇಹಕ್ಕೆ ವಿಪರೀತ ಭಯವಾಗಬಹುದು. ಅಂಗಾತ ಮಲಗಬೇಕು, ಅಲುಗಾಡುವ ಹಾಗಿಲ್ಲ, ಮುಟ್ಟುವವರು ಅಪರಿಚಿತರು. ಮೊದಲೇ ಒಪ್ಪಂದ ಮಾಡಿಕೊಳ್ಳಿ: ಮುಟ್ಟುವ ಮೊದಲು ಹೇಳಬೇಕು, ಎಡಗೈ ಎತ್ತಿದರೆ ನಿಲ್ಲಿಸಬೇಕು, ಜೊತೆಗೆ ಬೇಕಾದವರು ಒಳಗೆ ಇರಬೇಕು. ಹೆಚ್ಚಿನ ವೈದ್ಯರು ಸಂತೋಷದಿಂದ ಒಪ್ಪುತ್ತಾರೆ. ಬಾಲ್ಯ ಕಷ್ಟದ್ದಾಗಿದ್ದರೆ ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆ ಬಿಪಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ), ಕೊಲೆಸ್ಟರಾಲ್ ನೋಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಕಥೆ ಹೇಳುವ ಅಗತ್ಯವೂ ಇಲ್ಲ.

ಕುಡಿತದ ಬಗ್ಗೆ ಒಂದು ಮಾತು, ಇದು ಜೀವದ ಪ್ರಶ್ನೆ. ವರ್ಷಗಟ್ಟಲೆ ದಿನವೂ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು, ಹರಕೆ ಹೊತ್ತೋ ಅಯ್ಯಪ್ಪನ ಮಾಲೆ ಹಾಕಿಯೋ ಒಂದೇ ದಿನಕ್ಕೆ ನಿಲ್ಲಿಸುವುದುಂಟು. ಸಂಕಲ್ಪ ದೊಡ್ಡದು, ಆದರೆ ದೇಹ ಅದಕ್ಕೆ ತಯಾರಿರುವುದಿಲ್ಲ. ಮದ್ಯ ಇಷ್ಟು ಕಾಲ ಮೆದುಳನ್ನು ಒತ್ತಿ ಹಿಡಿದಿತ್ತು. ಒತ್ತಡ ತೆಗೆದ ಕೂಡಲೇ ಸ್ಪ್ರಿಂಗಿನಂತೆ ಅದು ಮೇಲೆ ನೆಗೆಯುತ್ತದೆ. ಆರರಿಂದ ಹನ್ನೆರಡು ಗಂಟೆಯೊಳಗೆ ನಡುಕ, ಬೆವರು. ಎರಡು ದಿನದೊಳಗೆ ಅಪಸ್ಮಾರದಂತೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಗೊಂದಲ, ಇಲ್ಲದ್ದು ಕಾಣುವುದು, ಜ್ವರ. ಇದರಲ್ಲಿ ಸಾವೂ ಆಗುತ್ತದೆ. ಆ ಹೊತ್ತಿನಲ್ಲಿ ಏನೋ ಮೈಮೇಲೆ ಬಂದಿದೆ ಎಂದು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಲು ಓಡಿದರೆ ಅಮೂಲ್ಯ ಗಂಟೆಗಳು ಹೋಗುತ್ತವೆ. ಮಾಲೆ ಹಾಕುವ ಮೊದಲೇ ವೈದ್ಯರನ್ನು ಕಂಡರೆ ಥಯಮಿನ್ ವಿಟಮಿನ್ ಮತ್ತು ಕೆಲವು ದಿನದ ಮಾತ್ರೆಗಳಲ್ಲಿ ಸುರಕ್ಷಿತವಾಗಿ ಇಳಿಸುತ್ತಾರೆ. ವ್ರತಕ್ಕೆ ಇದರಿಂದ ಭಂಗವಿಲ್ಲ. ಕುಡಿತ ನಿಂತ ಮೇಲೆ ಅಲ್ಲಿಯವರೆಗೆ ಮದ್ಯ ಮುಚ್ಚಿಟ್ಟಿದ್ದ ಹಳೆಯ ಭಯ, ಕೆಟ್ಟ ಕನಸು ಎದ್ದು ಬರುತ್ತವೆ ಎನ್ನುವುದನ್ನು ಮನೆಯವರು ತಿಳಿದಿರಬೇಕು. ಮತ್ತೆ ಬಾಟಲಿ ಹಿಡಿಯುವುದು ಹೆಚ್ಚಾಗಿ ಆಗಲೇ.

ಮನಸ್ಸಿನ ಚಿಕಿತ್ಸೆಗೆ ಇಲ್ಲಿ ಜಾಗಗಳ ಕೊರತೆ ಇಲ್ಲ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಣಿಪಾಲ, ಕಂಕನಾಡಿ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು, ಎಲ್ಲ ಕಡೆ ಮನೋರೋಗ ವಿಭಾಗವಿದೆ. ಕೊರತೆ ಇರುವುದು ಒಳಗೆ ಕಾಲಿಡುವ ಧೈರ್ಯಕ್ಕೆ. ‘ಯಾರ ಮಗ, ಯಾವ ಮನೆ’ ಎಂದು ಎರಡು ಪ್ರಶ್ನೆಯಲ್ಲಿ ಗುರುತು ಹತ್ತುವ ಊರು ನಮ್ಮದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿವರ ಗುಟ್ಟಾಗಿಡುವುದು ಅವರ ಕರ್ತವ್ಯ. ಆದರೂ ಅಳುಕಿದರೆ ಮೊದಲ ಮಾತು ಫೋನಿನಲ್ಲಿ ಆಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ.

ಒಳ್ಳೆಯ ಚಿಕಿತ್ಸೆಗೆ ಒಂದು ಕ್ರಮ ಇದೆ. ಮೊದಲು ಈಗಿನ ಸುರಕ್ಷತೆ, ನಿದ್ದೆ, ಊಟ. ಆಮೇಲೆ ಭಯ ಏರಿದಾಗ ಇಳಿಸಿಕೊಳ್ಳುವ ಅಭ್ಯಾಸ. ಅದು ಕೈಗೆ ಬಂದ ಮೇಲೆ ನೆನಪುಗಳ ಕೆಲಸ. ಆಘಾತಕ್ಕೆಂದೇ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿ, ಬಾಲ್ಯವಿಡೀ ನಡೆದ ಹಿಂಸೆಗೆ ಇನ್ನೂ ಹೆಚ್ಚು. ನಡುವಿನ ಕೆಲವು ವಾರ ಕನಸು, ಸಿಟ್ಟು ಹೆಚ್ಚಾಗುವುದುಂಟು. ಗಾಯ ತೊಳೆಯುವಾಗ ಉರಿದ ಹಾಗೆ. ಹೆಚ್ಚಿನವರು ಬಿಟ್ಟುಬಿಡುವುದು ಅಲ್ಲೇ. ಮೊದಲ ದಿನವೇ ಎಲ್ಲ ವಿವರ ಹೇಳಿ ಎಂದು ಒತ್ತಾಯಿಸುವವರು, “ತಂದೆ ತಾಯಿ ದೇವರ ಸಮಾನ, ಕ್ಷಮಿಸಿ ಬಿಡಿ” ಎಂದು ಉಪದೇಶಕ್ಕಿಳಿಯುವವರು ಸಿಕ್ಕಿದರೆ ಬೇರೆಯವರನ್ನು ಹುಡುಕಬೇಕು. ಕ್ಷಮೆ ಬಂದರೆ ಅದರ ಪಾಡಿಗೆ ಬರುತ್ತದೆ, ಗುಣವಾಗಲು ಅದು ಷರತ್ತಲ್ಲ.

ಮನೆಯಲ್ಲಿ ಮಾಡಬಹುದಾದ ಒಂದು ಅಭ್ಯಾಸವಿದೆ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರು, ಐದು ನಿಮಿಷ, ದಿನಕ್ಕೆ ಎರಡು ಸಲ. ಉಸಿರು ಹೊರಗೆ ಹೋಗುವಾಗ ಮೆದುಳಿನಿಂದ ಎದೆ ಹೊಟ್ಟೆಗಳಿಗೆ ಇಳಿಯುವ ವೇಗಸ್ ನರ ಎದೆಬಡಿತವನ್ನು ಇಳಿಸುತ್ತದೆ, ಅದಕ್ಕೇ ಹೊರಗಿನದು ಉದ್ದ. ಭಯ ನೆತ್ತಿಗೇರಿದಾಗ ಮೊದಲ ಸಲ ಮಾಡಿದರೆ ಕೆಲಸ ಮಾಡುವುದಿಲ್ಲ. ಸಮಾಧಾನ ಇದ್ದಾಗ ಎರಡು ಮೂರು ವಾರ ರೂಢಿಯಾಗಬೇಕು. ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಹೆದರಿಕೆ ಹೆಚ್ಚುತ್ತದೆ. ಧ್ಯಾನ ನನಗಾಗದು ಎಂದು ಅವರು ಬೇಸರಪಡುತ್ತಾರೆ. ಕಾವಲು ಕಾಯುತ್ತ ಬೆಳೆದ ದೇಹಕ್ಕೆ ಕಣ್ಣು ಮುಚ್ಚುವುದೇ ಅಪಾಯ. ಅವರು ಕಣ್ಣು ತೆರೆದು, ಬೆನ್ನು ಗೋಡೆಗೆ ಕೊಟ್ಟು, ಪಾದ ನೆಲಕ್ಕೆ ಒತ್ತಿ, ಬಾಗಿಲು ಕಾಣುವ ಹಾಗೆ ಕೂರಬೇಕು. ಅದೂ ಆಗದಿದ್ದರೆ ನಡೆಯುವುದು ಒಳ್ಳೆಯದು.

ಇಷ್ಟೆಲ್ಲ ಓದಿದ ಮೇಲೆ ಮನಸ್ಸು ಭಾರವಾಗಿದ್ದರೆ ಹವಾಯಿಯ ಕವಾಯ್ ದ್ವೀಪದ ವಿಷಯ ಹೇಳಬೇಕು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡಿತ, ಜಗಳಗಳ ನಡುವೆ ಬೆಳೆದ ಮಕ್ಕಳಲ್ಲೂ ಮೂರರಲ್ಲಿ ಒಂದು ಪಾಲು ಗಟ್ಟಿಯಾಗಿ, ಪ್ರೀತಿಯುಳ್ಳವರಾಗಿ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಒಬ್ಬರಾದರೂ ನಂಬಿಕೆಯ ದೊಡ್ಡವರು: ಅಜ್ಜಿ, ಚಿಕ್ಕಮ್ಮ, ನೆರೆಮನೆಯವರು, ಒಬ್ಬ ಮೇಷ್ಟ್ರು. 2019ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ 6,188 ವಯಸ್ಕರ ಅಧ್ಯಯನ ಬಂತು. ಮನೆಯಲ್ಲಿ ಮನಸ್ಸಿನ ಮಾತು ಹೇಳಿಕೊಳ್ಳಲಾಗುತ್ತಿತ್ತು, ಊರಿನ ಹಬ್ಬಗಳಲ್ಲಿ ಖುಷಿಯಿತ್ತು, ಹೆತ್ತವರಲ್ಲದೆ ಇನ್ನಿಬ್ಬರು ದೊಡ್ಡವರು ಕಾಳಜಿ ವಹಿಸುತ್ತಿದ್ದರು, ಇಂಥ ಏಳು ಒಳ್ಳೆಯ ಅನುಭವಗಳನ್ನು ಅದರಲ್ಲಿ ಎಣಿಸಿದ್ದರು. ಆರೇಳು ಇದ್ದವರಲ್ಲಿ ಖಿನ್ನತೆ ಅಥವಾ ಮಾನಸಿಕ ಆರೋಗ್ಯ ಸರಿಯಿಲ್ಲದಿರುವ ಸಂಭವ, ಎರಡೋ ಅದಕ್ಕಿಂತ ಕಡಿಮೆಯೋ ಇದ್ದವರಿಗಿಂತ ಶೇ 72ರಷ್ಟು ಕಡಿಮೆ. ಬಾಲ್ಯದ ಕಷ್ಟಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹೀಗೆ.

ನಮ್ಮ ಕಡೆಯ ಅಜ್ಜಿ ಮನೆ, ಸೋದರಮಾವನ ಮನೆ, ಕಂಬಳ, ಆಯನ ಎಂಬ ಊರ ಜಾತ್ರೆ, ಭಜನೆ ಮಂದಿರ, ಚರ್ಚಿನ ತೆನೆಹಬ್ಬ, ಊರ ಕ್ರಿಕೆಟ್ ತಂಡ ಎಲ್ಲವೂ ಇಂಥ ಜಾಗಗಳೇ. ಅಲ್ಲಿಯ ದೊಡ್ಡವರು ಮಾಡಬೇಕಾದದ್ದು ದೊಡ್ಡದೇನಲ್ಲ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಸಿಗುವುದು, ಹೆಸರು ಹಿಡಿದು ಕರೆಯುವುದು, “ಊಟ ಆಯ್ತಾ ಮಗಾ?” ಎಂದು ಕೇಳಿ ಉತ್ತರಕ್ಕೆ ಕಾಯುವುದು. ಆದರೆ ಇವೇ ಜಾಗಗಳಲ್ಲಿ ಮಗುವನ್ನು ಕೆಡಿಸುವವರೂ ಇರುತ್ತಾರೆ, ಹೆಚ್ಚಾಗಿ ಪರಿಚಯದವರೇ. ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ‘ಮನೆ ಮಾತು ಮನೆಯಲ್ಲೇ ಇರಲಿ’ ಎನ್ನುವುದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅಪರಾಧ. ಗೊತ್ತಿದ್ದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು, ಕಲಂ 19. ಮಕ್ಕಳ ಸಹಾಯವಾಣಿ 1098. ಮಗು ಹೇಳಿದ ಕ್ಷಣದಲ್ಲಿ ನಾವು ಹೇಳಬೇಕಾದ ಮಾತು ಎರಡೇ: “ನಾನು ನಂಬುತ್ತೇನೆ. ನಿನ್ನದು ತಪ್ಪಿಲ್ಲ.” ಮತ್ತೆ ಮತ್ತೆ ವಿವರ ಕೆದಕಬಾರದು, ಅದು ತರಬೇತಿ ಇದ್ದವರ ಕೆಲಸ. ಹೇಳಿದಾಗ ದೊಡ್ಡವರು ನಂಬದಿರುವುದು ಎರಡನೇ ಗಾಯ, ಎಷ್ಟೋ ಸಲ ಮೊದಲನೆಯದಕ್ಕಿಂತ ಆಳ.

ಇನ್ನು ಹೊಡೆದುಬಿಟ್ಟ ತಂದೆ ತಾಯಿ. ತಾವು ಪೆಟ್ಟು ತಿಂದವರ ಕೈ ಬೇಗ ಏಳುತ್ತದೆ, ಆಮೇಲೆ ಅವರಷ್ಟು ಒಳಗೊಳಗೆ ಬೇಯುವವರೂ ಇಲ್ಲ. ನಮ್ಮಲ್ಲಿ ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯಿತು ಎನ್ನುವ ರೂಢಿ ಇಲ್ಲ. ರಾತ್ರಿ ಒಂಬತ್ತಕ್ಕೆ “ಬಾ, ಊಟ ಮಾಡು” ಎನ್ನುತ್ತಾರೆ, ಬಟ್ಟಲಿಗೆ ಮೀನಿನ ದೊಡ್ಡ ತುಂಡು ಹಾಕುತ್ತಾರೆ. ಅದು ಕ್ಷಮೆಯೇ. ದೊಡ್ಡವರಿಗೆ ಅರ್ಥವಾಗುತ್ತದೆ, ಏಳು ವರ್ಷದ ಮಗುವಿಗೆ ಆಗುವುದಿಲ್ಲ. ನಾನು ಕೆಟ್ಟವನಾದ್ದರಿಂದ ಪೆಟ್ಟು ಬಿತ್ತು ಎಂದೇ ಅದು ಮಲಗುತ್ತದೆ.

ಆ ಮೀನಿನ ತುಂಡು ಹಾಗೇ ಇರಲಿ. ಸಿಟ್ಟು ಇಳಿಯಲು ಅರ್ಧ ಗಂಟೆ ಬಿಡಿ, ಇಬ್ಬರ ರಕ್ತದಲ್ಲೂ ಬಿಸಿ ಇಳಿಯಬೇಕು. ನಿಂತುಕೊಂಡು ಬೇಡ, ಮಗುವಿನ ಕಣ್ಣಿನ ಎತ್ತರಕ್ಕೆ ನೆಲದಲ್ಲಿ ಕೂರಿ. ಮಾಡಿದ್ದನ್ನು ಹೆಸರಿಟ್ಟು ಹೇಳಿ, ‘ಆದರೆ ನೀನು’ ಎಂದು ಸೇರಿಸಬೇಡಿ. ಅಪ್ಪಿಕೊಳ್ಳಲು ಒತ್ತಾಯಿಸಬೇಡಿ, ಅದಕ್ಕೆ ಬೇಕಾದಾಗ ಅದೇ ಬರುತ್ತದೆ. “ಮಗಾ, ಸಂಜೆ ನಾನು ನಿನಗೆ ಹೊಡೆದೆ. ಅದು ನನ್ನ ತಪ್ಪು. ನಿನಗೆ ಹೆದರಿಕೆ ಆಯ್ತಲ್ಲಾ? ಇನ್ನು ಸಿಟ್ಟು ಬಂದರೆ ನಾನು ಅಂಗಳಕ್ಕೆ ಹೋಗಿ ಬರುತ್ತೇನೆ. ಈಗ ಬಾ, ಅನ್ನ ಆರುತ್ತದೆ.”